ಎಡತೋಳಿನ ಕಲೆ ಮತ್ತು ಅಮೆರಿಕದ ಫಾರಂ

ವೀಸಾ ಸಿಕ್ಕಿತು, ವಿಮಾನದ ಟಿಕೆಟ್ಟೂ ಆಯಿತು, ಉಪ್ಪಿನಕಾಯಿ ಭರಣಿಯಿಂದ ಪ್ಲಾಸ್ಟಿಕ್ ಡಬ್ಬಕ್ಕೆ ಇಳಿಯಿತು ಎನ್ನುವಷ್ಟರಲ್ಲಿ ಅಮೆರಿಕದ ವಿಶ್ವವಿದ್ಯಾಲಯದಿಂದ ಇನ್ನೊಂದು ಫಾರಂ ಬಂದಿರುತ್ತದೆ. ಹುಟ್ಟಿದಾಗಿನಿಂದ ಹಾಕಿಸಿಕೊಂಡ ಲಸಿಕೆಗಳ ತಾರೀಖು ಬರೆಯಿರಿ, ಕ್ಷಯದ ಪರೀಕ್ಷೆ ಮಾಡಿಸಿ, ಆರೋಗ್ಯವಿಮೆ ತೋರಿಸಿ. ತಪ್ಪಿದರೆ ರಿಜಿಸ್ಟ್ರೇಷನ್‌ಗೆ ತಡೆ. ಮನೆಯಲ್ಲಿ ಹುಡುಕಾಟ ಶುರುವಾಗುತ್ತದೆ. ಅಜ್ಜನ ಕಾಲದ ಕಂದಾಯ ರಸೀದಿ ಸಿಗುತ್ತದೆ, ಅಪ್ಪನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಸಿಗುತ್ತದೆ. ಮಗುವಿನ ಲಸಿಕೆ ಕಾರ್ಡು ಮಾತ್ರ ಸಿಗುವುದಿಲ್ಲ.

ಇದು ನಮ್ಮವರನ್ನು ಕಂಡರೆ ಅವರಿಗಿರುವ ತಾತ್ಸಾರ ಎಂದು ಮುನಿಸಿಕೊಳ್ಳಬೇಕಾಗಿಲ್ಲ. ಕ್ಷಯದ ಪರೀಕ್ಷೆಯೊಂದನ್ನು ಬಿಟ್ಟರೆ ಉಳಿದ ನಿಯಮಗಳು ಅಲ್ಲಿಯ ಮಕ್ಕಳಿಗೂ ಇವೆ. ವಿದ್ಯಾರ್ಥಿಗಳ ಆರೋಗ್ಯ ನೋಡಿಕೊಳ್ಳುವುದು ಕಾಲೇಜಿನ ಕೆಲಸವೇ ಎಂಬ ಭಾವನೆ ಅಲ್ಲಿ ಹಳೆಯದು. ಮ್ಯಾಸಚೂಸೆಟ್ಸ್ ರಾಜ್ಯದ ಆಮ್ಹರ್ಸ್ಟ್ ಕಾಲೇಜು 1861ರಲ್ಲೇ ಎಡ್ವರ್ಡ್ ಹಿಚ್‌ಕಾಕ್ ಎಂಬ ವೈದ್ಯನನ್ನು ಆರೋಗ್ಯಶಾಸ್ತ್ರ ಮತ್ತು ವ್ಯಾಯಾಮದ ಪ್ರಾಧ್ಯಾಪಕನನ್ನಾಗಿ ನೇಮಿಸಿಕೊಂಡಿತ್ತು. ಆದರೆ ಲಸಿಕೆಯ ಕಟ್ಟುನಿಟ್ಟು ಬಂದದ್ದು ತೀರ ಈಚೆಗೆ, ಪೆಟ್ಟು ತಿಂದ ಮೇಲೆ.

ದಡಾರಕ್ಕೆ ಅಮೆರಿಕದಲ್ಲಿ ಲಸಿಕೆ ಬಂದದ್ದು 1963ರಲ್ಲಿ. ಇನ್ನು ದಡಾರದ ಕಥೆ ಮುಗಿಯಿತು ಎಂದುಕೊಂಡಿದ್ದಾಗ, 1985ರಲ್ಲಿ ಇಲಿನಾಯ್ ರಾಜ್ಯದ ಪ್ರಿನ್ಸಿಪಿಯಾ ಕಾಲೇಜಿನಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಅದು ಹರಡಿ ಮೂವರು ಸತ್ತರು. ಧಾರ್ಮಿಕ ನಂಬಿಕೆಯಿಂದಾಗಿ ಲಸಿಕೆ ಹಾಕಿಸದವರೇ ಹೆಚ್ಚಾಗಿದ್ದ ಕಾಲೇಜು ಅದು. 1989ರಿಂದ 1991ರವರೆಗೆ ದೇಶದಲ್ಲೆಲ್ಲ ಸುಮಾರು 55 ಸಾವಿರ ಜನರಿಗೆ ದಡಾರ ಬಂತು. ಒಂದು ಡೋಸ್ ಸಾಲದು, ಎರಡು ಬೇಕು ಎಂಬ ತೀರ್ಮಾನವಾದದ್ದು 1989ರಲ್ಲಿ. ಇಂದಿಗೂ ನ್ಯೂಯಾರ್ಕ್ ರಾಜ್ಯದ ಕಾನೂನು 1957ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ವಿದ್ಯಾರ್ಥಿಗಳಿಂದ ದಡಾರ, ಮಂಗನಬಾವು, ರುಬೆಲ್ಲಾ ಈ ಮೂರಕ್ಕೂ ಪುರಾವೆ ಕೇಳುತ್ತದೆ. ಅದಕ್ಕೂ ಮುಂಚೆ ಹುಟ್ಟಿದವರಿಗೆ ಬಾಲ್ಯದಲ್ಲಿ ದಡಾರ ಬಂದೇ ಹೋಗಿರುತ್ತದೆ ಎಂಬ ಲೆಕ್ಕ. ಹಳೆಯ ಮಾತು ಎನ್ನುವಂತೆಯೂ ಇಲ್ಲ. 2025ರಲ್ಲಿ ಟೆಕ್ಸಸ್‌ನಲ್ಲಿ ದಡಾರ ಮತ್ತೆ ಹಬ್ಬಿ, ಲಸಿಕೆ ಹಾಕಿಸದ ಇಬ್ಬರು ಮಕ್ಕಳನ್ನು ಬಲಿ ತೆಗೆದುಕೊಂಡಿತು.

ನಮ್ಮ ಹುಡುಗರು ಎಡವುವುದು ಇಲ್ಲೇ. ಹಾಗೂ ಹೀಗೂ ಕಾರ್ಡು ಸಿಕ್ಕಿತೆನ್ನಿ. ಅದರಲ್ಲಿ ನರ್ಸಮ್ಮ ಬರೆದ ದಡಾರದ ಲಸಿಕೆಯ ತಾರೀಖು ಮಗುವಿಗೆ ಒಂಬತ್ತು ತಿಂಗಳಾದಾಗಿನದು. ಅಮೆರಿಕದವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊದಲ ಹುಟ್ಟುಹಬ್ಬದ ನಂತರ ಹಾಕಿದ್ದಷ್ಟೇ ಅವರಿಗೆ ಲಸಿಕೆ. ಕಾರಣವಿದೆ. ಗರ್ಭದಲ್ಲಿದ್ದಾಗ ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಕೆಲವು ತಿಂಗಳು ಉಳಿದಿರುತ್ತವೆ. ಲಸಿಕೆಯಲ್ಲಿರುವುದು ಬಲಗುಂದಿಸಿದ ಜೀವಂತ ವೈರಸ್. ಅದು ಮಗುವಿನ ಮೈಯಲ್ಲಿ ಸ್ವಲ್ಪ ಬೆಳೆದರೆ ತಾನೇ ಮೈ ಪಾಠ ಕಲಿಯುವುದು? ತಾಯಿಯ ಪ್ರತಿಕಾಯ ಅದನ್ನು ಬೆಳೆಯಲು ಬಿಡುವುದಿಲ್ಲ. ಒಂಬತ್ತು ತಿಂಗಳಿಗೆ ಹಾಕಿದರೆ ನೂರರಲ್ಲಿ ಸುಮಾರು 85 ಮಕ್ಕಳಿಗೆ, ವರ್ಷ ತುಂಬಿದ ಮೇಲೆ ಹಾಕಿದರೆ ಸುಮಾರು 95 ಮಕ್ಕಳಿಗೆ ರಕ್ಷಣೆ ಸಿಗುತ್ತದೆ. ಹಾಗಾದರೆ ನಮ್ಮ ಸರ್ಕಾರ ತಪ್ಪು ಮಾಡಿತೇ? ಇಲ್ಲ. ವರ್ಷ ತುಂಬುವ ಮೊದಲೇ ದಡಾರ ಬಂದು ಮಕ್ಕಳು ಸಾಯುತ್ತಿದ್ದ ದೇಶದಲ್ಲಿ ಕಾಯುತ್ತ ಕೂರುವುದು ಜಾಣತನವಾಗುತ್ತಿರಲಿಲ್ಲ. ಅಲ್ಲಿಗೆ ಅವರ ಲೆಕ್ಕ ಸರಿ, ಇಲ್ಲಿಗೆ ನಮ್ಮದು.

ಈಗ ಕಾಲೇಜು ಮುಗಿಸುತ್ತಿರುವ ಕರ್ನಾಟಕದ ಹುಡುಗ ಹುಡುಗಿಯರು ಇನ್ನೊಂದನ್ನು ನೆನಪು ಮಾಡಿಕೊಳ್ಳಬೇಕು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ದೇಶದಲ್ಲಿ ಮೊದಲು ನಡೆದ ಐದು ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. 15 ವರ್ಷದೊಳಗಿನವರನ್ನು ಶಾಲೆಯಲ್ಲೇ ಸಾಲು ನಿಲ್ಲಿಸಿ ಚುಚ್ಚಿದ್ದರು. ಆಗ ಕೊಟ್ಟ ಚೀಟಿ ಇದ್ದರೆ ಆ ಒಂದು ಡೋಸ್ ಲೆಕ್ಕಕ್ಕೆ ಬರುತ್ತದೆ. ಆದರೆ ಅದರಲ್ಲಿ ಮಂಗನಬಾವಿನ ಅಂಶವಿಲ್ಲ. ಸರ್ಕಾರಿ ಲಸಿಕೆಯ ಪಟ್ಟಿಯಲ್ಲಿ ಮಂಗನಬಾವು ಇಲ್ಲವೇ ಇಲ್ಲ. ಕಾಲೇಜುಗಳಲ್ಲಿ ಅದೇನೂ ಸಣ್ಣ ಕಾಯಿಲೆಯಲ್ಲ. 2006ರಲ್ಲಿ ಅಯೋವಾದಿಂದ ಹಬ್ಬಿದ ಮಂಗನಬಾವು ಆರೂವರೆ ಸಾವಿರ ಜನರನ್ನು ಹಿಡಿಯಿತು. ಎರಡು ಡೋಸ್ ಪಡೆದಿದ್ದ ಎಷ್ಟೋ ಹಾಸ್ಟೆಲ್ ಹುಡುಗರಿಗೂ ಬಂತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದ್ದರಿಂದ ಎಂಎಂಆರ್ ಲಸಿಕೆ ಎರಡು ಡೋಸ್ ಹಾಕಿಸಿಕೊಳ್ಳುವುದೇ ನೇರವಾದ ದಾರಿ. ನಡುವೆ ಕನಿಷ್ಠ 28 ದಿನಗಳ ಅಂತರವಿರಬೇಕು. ಆಗಸ್ಟ್‌ನಲ್ಲಿ ಹೊರಡುವವರು ಜುಲೈ ಕೊನೆಯಲ್ಲಿ ಡಾಕ್ಟರ ಬಳಿ ಓಡಿದರೆ ಈ 28ನ್ನು ಯಾರೂ 14 ಮಾಡಿಕೊಡಲಾರರು. ಬೇಡವೆನ್ನುವವರು ರಕ್ತದಲ್ಲಿ ಪ್ರತಿಕಾಯ ಇದೆಯೆಂದು ಪರೀಕ್ಷೆಯಿಂದ ತೋರಿಸಲೂಬಹುದು. ಇನ್ನು ಮಿದುಳುಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್. ಟೆಕ್ಸಸ್‌ನಲ್ಲಿ 22 ವರ್ಷದೊಳಗಿನ ಹೊಸ ವಿದ್ಯಾರ್ಥಿಗಳು ತರಗತಿಗೆ ಹತ್ತು ದಿನ ಮೊದಲೇ ಅದರ ಲಸಿಕೆ ಪಡೆದಿರಬೇಕು. ಬೆಳಿಗ್ಗೆ ಜ್ವರವೆಂದು ಮಲಗಿದವನು ಮರುದಿನ ಇಲ್ಲವಾಗುವಂಥ ರೋಗವದು. 2013ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಅದರ ಬಿ ಗುಂಪು ಕಾಣಿಸಿಕೊಂಡಾಗ, ದೇಶದಲ್ಲಿ ಇನ್ನೂ ಪರವಾನಗಿಯೇ ಇಲ್ಲದ ಲಸಿಕೆಯನ್ನು ವಿಶೇಷ ಅನುಮತಿಯಿಂದ ಹೊರಗಿನಿಂದ ತರಿಸಿ ಹಾಕಬೇಕಾಯಿತು.

ವಿಮೆಯ ವಿಚಾರ ಒಣ ವಿಚಾರ, ಆದರೂ ಎರಡು ಮಾತು. ಬಿಲ್ಲಿನಲ್ಲಿ 'ಹೆಲ್ತ್ ಫೀ' ಎಂದೂ 'ಹೆಲ್ತ್ ಇನ್ಶೂರೆನ್ಸ್' ಎಂದೂ ಎರಡು ಸಾಲು ಕಂಡರೆ ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೇಳುತ್ತಿದ್ದಾರೆ ಎಂದು ತಿಳಿಯಬಾರದು. ಮೊದಲನೆಯದು ಕ್ಯಾಂಪಸ್ಸಿನ ದವಾಖಾನೆಗೆ: ನೆಗಡಿ, ಜ್ವರ, ಮನಸ್ಸು ಕೆಟ್ಟಾಗ ಸಲಹೆ. ಎರಡನೆಯದು ಕ್ಯಾಂಪಸ್ಸಿನ ಗೇಟಿನಾಚೆಯ ಆಸ್ಪತ್ರೆಗೆ. ಜೆ-1 ವೀಸಾದವರಿಗೆ ವಿಮೆ ಎಷ್ಟಿರಬೇಕೆಂದು ಸರ್ಕಾರವೇ ಗೊತ್ತುಮಾಡಿದೆ: ಒಂದು ಕಾಯಿಲೆಗೆ ಕನಿಷ್ಠ ಒಂದು ಲಕ್ಷ ಡಾಲರ್. ಎಫ್-1 ವೀಸಾದವರಿಗೆ ಸರ್ಕಾರದ ನಿಯಮವಿಲ್ಲ, ವಿಶ್ವವಿದ್ಯಾಲಯದ್ದಿದೆ. ಅಲ್ಲಿಯ ಹುಡುಗರು 26 ವರ್ಷದವರೆಗೆ ಅಪ್ಪ ಅಮ್ಮನ ವಿಮೆಯನ್ನೇ ತೋರಿಸಿ ವಿನಾಯಿತಿ ಪಡೆಯುತ್ತಾರೆ. ನಮ್ಮವರಿಗೆ ಆ ಸೌಕರ್ಯವಿಲ್ಲ. ಇಲ್ಲಿ ಅಗ್ಗಕ್ಕೆ ಸಿಗುವ ಪ್ರವಾಸ ವಿಮೆಯನ್ನು ಒಪ್ಪದ ವಿಶ್ವವಿದ್ಯಾಲಯಗಳು ಬಹಳ. ಒಪ್ಪಿದರೂ, ಮೊದಲೇ ಇದ್ದ ಅಸ್ತಮಾಕ್ಕೆ ದುಡ್ಡು ಕೊಡುತ್ತದೆಯೇ, ಡಿಡಕ್ಟಿಬಲ್ ಎಷ್ಟು, ಅಂದರೆ ಕಂಪನಿ ಕೈಯಾಡಿಸುವ ಮೊದಲು ನಾವೇ ತೆರಬೇಕಾದ ಮೊತ್ತ ಎಷ್ಟು, ಇವನ್ನು ಹೊರಡುವ ಮುಂಚೆ ಓದಿಕೊಳ್ಳಬೇಕು.

ಇಷ್ಟೆಲ್ಲ ಮುಗಿಸಿ ಹೋದವನನ್ನೂ ಬೆಚ್ಚಿಬೀಳಿಸುವುದು ಕ್ಷಯದ ಪರೀಕ್ಷೆ. ಮುಂಗೈಯ ಒಳಬದಿಯಲ್ಲಿ ಚರ್ಮದ ಪದರದೊಳಗೆ ಒಂದು ಹನಿ ಟ್ಯೂಬರ್ಕುಲಿನ್ ಚುಚ್ಚುತ್ತಾರೆ. ಎರಡು ಮೂರು ದಿನ ಬಿಟ್ಟು ಅಲ್ಲಿ ಎದ್ದ ಗಟ್ಟಿ ಗಂಟನ್ನು ಅಳೆಯುತ್ತಾರೆ, ಕೆಂಪಾದದ್ದನ್ನಲ್ಲ, ಗಟ್ಟಿಯಾದದ್ದನ್ನು. ಭಾರತದಂಥ ದೇಶದಿಂದ ಹೊಸದಾಗಿ ಬಂದವರಿಗೆ ಅದು 10 ಮಿಲಿಮೀಟರ್ ಮುಟ್ಟಿದರೆ 'ಪಾಸಿಟಿವ್'. ಆ ರಾತ್ರಿಯೇ ಊರಿಗೆ ಫೋನು. ತಾಯಿ ಅಳುತ್ತಾಳೆ. ತಂದೆ ಮೊದಲು ಹೇಳುವ ಮಾತು: ಯಾರಿಗೂ ಹೇಳಬೇಡ. ಹೆಣ್ಣುಮಗಳಾದರೆ ಮದುವೆಯ ಚಿಂತೆಯೂ ಸೇರುತ್ತದೆ. ಊರಿನ ಡಾಕ್ಟರು, ಅದೆಲ್ಲ ಬಿಸಿಜಿ ಹಾಕಿಸಿದ್ದರಿಂದ, ಅಮೆರಿಕದವರಿಗೆ ಗೊತ್ತಾಗುವುದಿಲ್ಲ, ಮಾತ್ರೆ ಬೇಡ ಎನ್ನುತ್ತಾರೆ.

ನಿಮ್ಮ ಎಡತೋಳನ್ನೊಮ್ಮೆ ನೋಡಿಕೊಳ್ಳಿ. ಅಲ್ಲಿರುವ ಗುಂಡಗಿನ ಕಲೆಯ ಹಿಂದೆ ಹದಿಮೂರು ವರ್ಷಗಳ ತಪಸ್ಸಿದೆ. ಫ್ರಾನ್ಸಿನ ಲಿಲ್ ನಗರದಲ್ಲಿ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು 1908ರಿಂದ ದನದ ಕ್ಷಯಾಣುವನ್ನು ಪಿತ್ತರಸ ಸೇರಿಸಿದ ಆಲೂಗೆಡ್ಡೆಯ ಮೇಲೆ ಬೆಳೆಸುತ್ತ, ಮೂರು ವಾರಕ್ಕೊಮ್ಮೆ ಹೊಸ ಆಲೂಗೆಡ್ಡೆಗೆ ಬದಲಿಸುತ್ತ, 230 ಸಲ ಹೀಗೆ ಮಾಡಿದರು. ಅಷ್ಟರಲ್ಲಿ ಅಣು ತನ್ನ ವಿಷ ಕಳೆದುಕೊಂಡಿತ್ತು. 1921ರಲ್ಲಿ ಅದನ್ನು ಮೊದಲ ಸಲ ಮಗುವಿಗೆ ಕೊಟ್ಟರು. ಸಾಧುವಾದರೂ ಅದು ಕ್ಷಯಾಣುವಿನ ಬಂಧುವೇ. ಟ್ಯೂಬರ್ಕುಲಿನ್ ಎಂಬುದು ಇಂಥ ಹತ್ತಾರು ಪ್ರೋಟೀನುಗಳ ಕಲಸುಮೇಲೋಗರ. ಹಾಗಾಗಿ ಬಿಸಿಜಿ ಪಡೆದ ಮೈ ಕೆಲವೊಮ್ಮೆ ಅದನ್ನು ಕಂಡು ಕೆರಳುವುದು ನಿಜ.

ಆದರೆ ಊರಿನ ಡಾಕ್ಟರು ಹೇಳಿದ್ದು ಅರ್ಧ ಸತ್ಯ. ಹುಟ್ಟಿದಾಗ ಹಾಕಿಸಿದ ಬಿಸಿಜಿಯ ಈ ಪ್ರಭಾವ ಹತ್ತು ವರ್ಷ ಕಳೆಯುವುದರೊಳಗೆ ಬಹುಮಟ್ಟಿಗೆ ಅಡಗಿಹೋಗುತ್ತದೆ. ಇಪ್ಪತ್ತೆರಡರ ತರುಣನ ಕೈಯಲ್ಲಿ ದೊಡ್ಡ ಗಂಟೆದ್ದರೆ ತಪ್ಪನ್ನೆಲ್ಲ ಆ ಕಲೆಯ ಮೇಲೆ ಹೊರಿಸುವುದು ಅನ್ಯಾಯ. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ಸಮೀಕ್ಷೆಯಂತೆ 15 ವರ್ಷ ದಾಟಿದವರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಬ್ಬರ ಮೈಯಲ್ಲಿ ನಿಜವಾದ ಕ್ಷಯಾಣುವೇ ಮಲಗಿದೆ. ಬಸ್ಸಿನಲ್ಲೋ, ಹಾಸ್ಟೆಲಿನಲ್ಲೋ, ಮದುವೆ ಛತ್ರದಲ್ಲೋ ಯಾರದೋ ಕೆಮ್ಮಿನಿಂದ ಬಂದದ್ದು.

ಯಾವುದು ಕಲೆಯ ಕಥೆ, ಯಾವುದು ಕಾಯಿಲೆಯ ಅಣು ಎಂದು ಬಿಡಿಸಲು ಈಗ ರಕ್ತಪರೀಕ್ಷೆ ಇದೆ. ಕ್ವಾಂಟಿಫೆರಾನ್ ಎಂಬುದು ಅದರ ಒಂದು ಹೆಸರು. ಆಲೂಗೆಡ್ಡೆಯಿಂದ ಆಲೂಗೆಡ್ಡೆಗೆ ಅಲೆಯುತ್ತಿದ್ದಾಗ ಬಿಸಿಜಿ ಅಣು ತನ್ನ ಜೀನುಗಳ ಒಂದು ತುಂಡನ್ನೇ ಕಳೆದುಕೊಂಡಿತ್ತೆಂದು 1990ರ ದಶಕದಲ್ಲಿ ಗೊತ್ತಾಯಿತು. ಆ ತುಂಡಿನಿಂದ ತಯಾರಾಗುವ ಎರಡು ಪ್ರೋಟೀನುಗಳು ಕ್ಷಯಾಣುವಿನಲ್ಲಿವೆ, ಬಿಸಿಜಿಯಲ್ಲಿಲ್ಲ. ವಿದ್ಯಾರ್ಥಿಯ ರಕ್ತಕ್ಕೆ ಆ ಎರಡನ್ನು ಸೇರಿಸಿ ಒಂದು ರಾತ್ರಿ ಬೆಚ್ಚಗಿಟ್ಟರೆ, ಮೊದಲೇ ಅವುಗಳ ಪರಿಚಯವಿದ್ದ ಬಿಳಿಕಣಗಳು ಇಂಟರ್ಫೆರಾನ್ ಸುರಿಸುತ್ತವೆ. ಪರಿಚಯವಿಲ್ಲದಿದ್ದರೆ ಸುಮ್ಮನಿರುತ್ತವೆ. ಹಟ ಮಾಡಿಯಾದರೂ ಈ ಪರೀಕ್ಷೆಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ಎಂಎಂಆರ್ ಹಾಕಿಸಿದ ದಿನವೇ ರಕ್ತ ಕೊಡಬೇಕು, ಇಲ್ಲವೇ ನಾಲ್ಕು ವಾರ ಬಿಡಬೇಕು. ಆ ಲಸಿಕೆ ಕೆಲವು ಕಾಲ ಪರೀಕ್ಷೆಯನ್ನು ಮಂಕಾಗಿಸುತ್ತದೆ.

ರಕ್ತಪರೀಕ್ಷೆಯೂ ಪಾಸಿಟಿವ್ ಬಂತು ಎಂದುಕೊಳ್ಳೋಣ. ಎದೆಯ ಎಕ್ಸ್‌ರೇ ಶುಭ್ರವಾಗಿದ್ದು, ಕೆಮ್ಮು, ಸಂಜೆಜ್ವರ, ಮೈ ಇಳಿಯುವುದು ಇಲ್ಲವಾದರೆ ಅದು ಕ್ಷಯರೋಗವಲ್ಲ, ನಿದ್ರಿಸುತ್ತಿರುವ ಸೋಂಕು. ಪಕ್ಕದ ಹಾಸಿಗೆಯವನಿಗೆ ಅದು ಅಂಟುವುದಿಲ್ಲ. ಕಾಲೇಜಿನಿಂದ ಹೊರಹಾಕುವುದೂ ಇಲ್ಲ. ಹೀಗಿರುವ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಅಣು ಎಚ್ಚರಗೊಂಡು ರೋಗವಾಗುತ್ತದೆ. ಸಕ್ಕರೆ ಕಾಯಿಲೆ ಬಂದರೆ ಅಪಾಯ ಹೆಚ್ಚು. ಅದು ನಮ್ಮಲ್ಲಿ ಅಪರೂಪವೇನಲ್ಲವಲ್ಲ! ಮೂರರಲ್ಲೊಬ್ಬರಿಗೆ ಸೋಂಕಿರುವ ದೇಶದಲ್ಲಿ ಎಲ್ಲರಿಗೂ ಮಾತ್ರೆ ಕೊಡುವುದು ಆಗದ ಕೆಲಸವಾದ್ದರಿಂದ ಇಲ್ಲಿಯ ಡಾಕ್ಟರಿಗೆ ಆ ರೂಢಿ ಇರಲಿಲ್ಲ. ರೋಗಿಯ ಮನೆಯ ಎಲ್ಲ ವಯಸ್ಸಿನವರಿಗೂ ತಡೆ ಔಷಧ ಎಂದು ನಮ್ಮ ಸರ್ಕಾರದ ಮಾರ್ಗಸೂಚಿ ವಿಸ್ತಾರವಾದದ್ದೇ 2021ರಲ್ಲಿ. ರೋಗ ವಿರಳವಾಗಿರುವ ಅಮೆರಿಕದವರಿಗೆ ಪ್ರತಿ ಮಲಗಿದ ಅಣುವನ್ನೂ ಎಣಿಸಿ ಮುಗಿಸುವುದು ಸಾಧ್ಯ. ಅಲ್ಲಿರುವವನು ಆ ಅವಕಾಶವನ್ನು ಬಿಡಬಾರದು.

ಹಿಂದೆ ಐಸೋನಿಯಾಜಿಡ್ ಮಾತ್ರೆಯನ್ನು ಒಂಬತ್ತು ತಿಂಗಳು ದಿನವೂ ನುಂಗಬೇಕಿತ್ತು. ಅರ್ಧಕ್ಕೆ ಬಿಟ್ಟವರೇ ಬಹಳ. ಈಗ ನಾಲ್ಕು ತಿಂಗಳ ರಿಫಾಂಪಿಸಿನ್, ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ಸಲ ನುಂಗುವ ಜೋಡಿ ಔಷಧ ಇವೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗಿಸುತ್ತದೆ ಎಂಬುದನ್ನು ಮದುವೆಯಾದ ವಿದ್ಯಾರ್ಥಿನಿಯರು ಡಾಕ್ಟರಲ್ಲಿ ಕೇಳಿ ತಿಳಿಯಬೇಕು. ಪಿತ್ತಜನಕಾಂಗಕ್ಕೆ ಸ್ವಲ್ಪ ಭಾರವಾದ್ದರಿಂದ ಆ ತಿಂಗಳುಗಳಲ್ಲಿ ಮದ್ಯ ಕೂಡದು. ಔಷಧ ಮುಗಿದರೂ ಚರ್ಮದ ಪರೀಕ್ಷೆ, ರಕ್ತಪರೀಕ್ಷೆ ಎರಡೂ ಸಾಮಾನ್ಯವಾಗಿ ಪಾಸಿಟಿವ್ ಆಗಿಯೇ ಉಳಿಯುತ್ತವೆ. ಮುಂದೆ ಕೆಲಸಕ್ಕೋ ಇನ್ನೊಂದು ಕಾಲೇಜಿಗೋ ಸೇರುವಾಗ ಮತ್ತೆ ಇದೇ ಪ್ರಶ್ನೆ ಬರುತ್ತದೆ. ಅದಕ್ಕಾಗಿ ಯಾವ ಔಷಧ, ಎಂದಿನಿಂದ ಎಂದಿನವರೆಗೆ ಎಂಬ ಪತ್ರವನ್ನೂ ಎಕ್ಸ್‌ರೇ ವರದಿಯನ್ನೂ ದವಾಖಾನೆಯಿಂದ ಬರೆಸಿಕೊಂಡು, ಪಾಸ್‌ಪೋರ್ಟ್ ಇಡುವ ಕಡೆಯೇ ಇಟ್ಟುಕೊಳ್ಳಬೇಕು.