ಪೇಟೆ ಪಾರ್ಕಿಗೆ ನಮ್ಮ ಬದುವಿನ ಗಿಡ ಯಾಕಾಗಬಾರದು?

ಕಳೆದ ವಾರ ಶೇಂಗಾ ಬೀಜಕ್ಕೆ ಅಂತ ಪೇಟೆಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ಬಿಸಿಲು ನೆತ್ತಿ ಸುಡ್ತಿತ್ತು, ಒಂದು ಪಾರ್ಕಿನೊಳಗೆ ಹೋದೆ. ಟ್ಯಾಂಕರ್ ನಿಲ್ಲಿಸಿ ಹುಲ್ಲುಹಾಸಿಗೆ ನೀರು ಬಿಡ್ತಿದ್ರು. ಸುತ್ತ ಕತ್ತರಿ ಹಾಕಿ ನಿಲ್ಲಿಸಿದ ಕೊನೊಕಾರ್ಪಸ್ ಸಾಲು. ಹಸಿರೇನೋ ಹಸಿರೇ. ಆದರೆ ನೆರಳಿಗೆ ಅಂತ ಕೊನೆಗೆ ಕೂತಿದ್ದು ಕಾಂಪೌಂಡ್ ಗೋಡೆ ಮಗ್ಗುಲಲ್ಲಿ.

ಬೈಯೋಕೆ ನನಗೆ ಹಕ್ಕಿಲ್ಲ. ಆರು ವರ್ಷದ ಹಿಂದೆ ಇದೇ ಗಿಡ ಹನ್ನೆರಡು ತಂದು ಮನೆ ಮುಂದೆ ಹಾಕಿದ್ದೆ. ಬೇಗ ಬೆಳೆಯುತ್ತೆ ಅಂದ್ರು, ಬೆಳೀತು. ನಾಲ್ಕನೇ ವರ್ಷಕ್ಕೆ ಸಂಪಿನ ಗೋಡೆ ಬಿರುಕಲ್ಲಿ ಬೇರು ಜಡೆಯಂಗೆ ಇಳಿದಿತ್ತು. ಆ ಸಾಲಿಗೆ ಜಾಗ ಮಾಡೋಕೆ ಅಂತ ಅಪ್ಪನ ಕಾಲದ ತುಗ್ಗಲಿ ಮರ ಕಡಿಸಿದವನೂ ನಾನೇ. "ನೆರಳು ಕಡಿದು ಬೇಲಿ ಹಾಕ್ತೀಯೇನೋ" ಅಂತ ಅವ್ವ ಅವತ್ತು ಅಂದಿದ್ದು ಇನ್ನೂ ಕಿವಿಯಲ್ಲೈತೆ.

ಕೊನೊಕಾರ್ಪಸ್ ಸೊಮಾಲಿಯಾ, ಯೆಮನ್ ಕಡೆಯದು. ಕೊಲ್ಲಿ ದೇಶದ ಮರಳುಗಾಡಿನ ಪಟ್ಟಣಗಳಲ್ಲಿ ಸಾಲುಸಾಲು ನೆಟ್ಟರು, ಅದನ್ನು ನೋಡಿ ನಾವೂ ನೆಟ್ವಿ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡಬೇಡಿ ಅಂತ ಆದೇಶ ಮಾಡಿತು. ಇನ್ನೊಂದು ವಿಷಯ ಕೇಳಿ. ದುಬೈ ಇರುವ ಯುಎಇ ದೇಶದ ರಾಷ್ಟ್ರೀಯ ಮರ ಘಾಫ್. ರಾಜಸ್ಥಾನದ ರಾಜ್ಯ ಮರ ಖೇಜ್ರಿ. ಎರಡೂ ಒಂದೇ ಜಾತಿ, ನಾವು ಬನ್ನಿ ಅನ್ನೋ ಮರ. (ಕೆಲವು ಕಡೆ ಬೇರೆ ಮರಕ್ಕೂ ಬನ್ನಿ ಅಂತಾರೆ, ಅದು ಬೇರೆ ಮಾತು.) ಅವರು ಮರಳುಗಾಡಲ್ಲಿ ತಲೆ ಮೇಲೆ ಇಟ್ಕೊಂಡಿರೋ ಮರಕ್ಕೆ ನಾವು ದಸರಾದಲ್ಲಿ ಒಂದು ದಿನ ಕೈಮುಗಿದು, ಬದು ಸರಿ ಮಾಡುವಾಗ ಜೆಸಿಬಿ ಬಿಡ್ತೀವಿ.

ಜೋಧ್‌ಪುರದ ಕೋಟೆ ಪಕ್ಕದ ಬಂಡೆ ಬಯಲೆಲ್ಲ ಬಳ್ಳಾರಿ ಜಾಲಿ ತುಂಬಿತ್ತು. 2006ರಲ್ಲಿ ಅಲ್ಲಿ ಕೆಲಸ ಶುರು ಮಾಡಿದರು. ಕಲ್ಲು ಒಡೆಯೋರನ್ನೇ ಕರೆಸಿ, ಬಂಡೆ ಸಂದಿಯಿಂದ ಜಾಲಿಯನ್ನು ಬೇರುಸಮೇತ ತೆಗೆಸಿ, ಅದೇ ಗುಂಡಿಗೆ ಮರಳುಗಾಡಿನ ಸ್ವಂತ ಗಿಡ ಹಾಕಿದರು. ಸುಮಾರು 70 ಹೆಕ್ಟೇರಿನ ರಾವ್ ಜೋಧಾ ಪಾರ್ಕ್ ಅದು. ಈಗ ಜನ ಟಿಕೆಟ್ ತಗೊಂಡು ನೋಡ್ತಾರೆ. ಮೊಳಕಾಲ್ಮೂರಿನ ಗುಂಡುಬಂಡೆ ಜಾಗದಲ್ಲಿ ಇದಾಗಲ್ಲ ಅನ್ನೋಕೆ ನನಗೆ ಕಾರಣ ಕಾಣ್ತಿಲ್ಲ.

ನಮ್ಮ ಎರಡು ತಾಲ್ಲೂಕು ರಾಜ್ಯದಲ್ಲೇ ಕಮ್ಮಿ ಮಳೆ ಬೀಳುವ ಜಾಗ. ಇಲ್ಲಿ ಬದುಕಿ ತೋರಿಸಿದ ಗಿಡಗಳು ಕಣ್ಣ ಮುಂದೆಯೇ ಅವೆ. ಕಮರದ ಸೊಪ್ಪು ಮೇವು, ಕೊರಡು ನೇಗಿಲಿಗೆ. ತುಗ್ಗಲಿ ಸೊಪ್ಪು ಹೊಲಕ್ಕೆ ಗೊಬ್ಬರ. ಹೊಂಗೆ ಬೇಸಿಗೆಯಲ್ಲೇ ಚಿಗುರಿ ನೆರಳು ಕೊಡುತ್ತೆ, ಹೂವಿಗೆ ಜೇನು ಮುತ್ತುತ್ತೆ. ಬೇಲಿ ಬೇಕಾ, ಬಂದರಿಕೆ ಹಾಕಿ, ದನ ಬಾಯಿ ಹಾಕಲ್ಲ. ಹೂವು ಬೇಕಾ, ತಂಗಡಿ ಐತೆ. ಐದಾರು ಜಾತಿ ಬೆರೆಸಿ ಹಾಕಿದ್ರೆ ಒಂದಕ್ಕೆ ರೋಗ ಬಂದರೂ ಉಳಿದವು ನಿಲ್ತವೆ. ಒಂದೇ ಬೆಳೆ ಹಾಕಿ ಕೈಸುಟ್ಟುಕೊಂಡ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೊರಗಿನ ಗಿಡ ಅಂತ ನನ್ನ ತಕರಾರಲ್ಲ. ಚಳ್ಳಕೆರೆ ಎಣ್ಣೆ ಮಿಲ್ಲು ಓಡಿಸಿದ ಶೇಂಗಾನೇ ದಕ್ಷಿಣ ಅಮೆರಿಕದಿಂದ ಬಂದದ್ದು. ಬಂದ ಗಿಡ ಏನು ಕೊಡುತ್ತೆ, ಏನು ತಿನ್ನುತ್ತೆ ಅನ್ನೋದೇ ಲೆಕ್ಕ. ಬಳ್ಳಾರಿ ಜಾಲಿ ಸೌದೆ, ಇದ್ದಿಲು ಕೊಟ್ಟಿತು, ಜೊತೆಗೆ ಕುರಿ ಹಿಕ್ಕೆಯಲ್ಲಿ ಬೀಜ ಹರಡಿ ಗೋಮಾಳವನ್ನೂ ನುಂಗಿತು.

"ನಾಟಿ ಗಿಡ ನಿಧಾನ, ಮುಳ್ಳು, ಮಕ್ಕಳು ಆಡೋ ಜಾಗ" ಅಂತಾರೆ. ನಿಧಾನ ಹೌದು. ಕಮರ ಮೊದಲು ಬೇರು ಇಳಿಸುತ್ತೆ, ಆಮೇಲೆ ಮೇಲೇಳುತ್ತೆ. ಅದಕ್ಕೇ ಹೊಂಗೆ, ಬೇವು ಜೊತೆಗೆ ಹಾಕಿ, ಮುಳ್ಳಿನವನ್ನು ಅಂಚಿಗೆ ಹಾಕಿ. ಮೊದಲ ಎರಡು ಬೇಸಿಗೆ ನೀರು ಕೊಡಿ. ಹುಲ್ಲುಹಾಸಿಗೆ ಮಾತ್ರ ಎಷ್ಟು ವರ್ಷ ಆದರೂ ಟ್ಯಾಂಕರ್ ತಪ್ಪಲ್ಲ.

ಕುದಾಪುರ, ಉಳ್ಳಾರ್ತಿ, ವರವು ಕಾವಲಲ್ಲಿ ನಮ್ಮ ಹಿರಿಯರು ದನ, ಕುರಿ ಮೇಯಿಸಿದರು. ಅದರಲ್ಲಿ ಬಹಳಷ್ಟು ಈಗ ಗೋಡೆಯೊಳಗೆ ಸೇರಿತು. ಪೇಟೆ ಮಕ್ಕಳಿಗೆ ಕಾವಲು ಅಂದ್ರೆ ಏನು ಅಂತ ತೋರಿಸೋಕೆ ಪಾರ್ಕಿನ ಒಂದು ಮೂಲೆಯಾದರೂ ಬೇಡವಾ?

ಕೆಲಸ ಎರಡೇ. ಮಳೆಗೆ ಮುಂಚೆ ಸಸಿ ಪಟ್ಟಿ ಆಗುತ್ತೆ, ಅದಕ್ಕೂ ಮೊದಲು ಊರಿಗೊಬ್ಬರಾದರೂ ಹೋಗಿ ಅರ್ಜಿ ಕೊಡೋಣ. ಬರಿಗೈಯಲ್ಲಿ ಬೇಡ, ಬೀಜ ತಗೊಂಡು ಹೋಗೋಣ. ಕಮರದ ಕಾಯಿ ಬೇಸಿಗೆಯಲ್ಲೇ ಉದುರುತ್ತೆ. ಬೇರು ಸುತ್ತಿಕೊಳ್ಳದಂಗೆ ಉದ್ದ ಚೀಲದಲ್ಲಿ ಹಾಕಿ, ಇಲ್ಲಾ ನೇರ ಗುಂಡಿಗೇ ಊರಿ. ಎರಡನೆಯದು, ನಿಮ್ಮ ಬದುವಲ್ಲಿ ಉಳಿದಿರೋ ಮರಕ್ಕೆ ಈ ವರ್ಷ ಕೊಡಲಿ ಹಾಕಬೇಡಿ. ಬೀಜಕ್ಕೆ ನಾಳೆ ಅಲ್ಲಿಗೇ ಬರಬೇಕು.

ನಾನು ತುಗ್ಗಲಿ ಕಡಿದ ಜಾಗಕ್ಕೆ ತುಗ್ಗಲಿನೇ ಹಾಕಿದ್ದೀನಿ. ಮೊಣಕಾಲುದ್ದ ಬಂದೈತೆ. ಅವ್ವ ದಿನಾ ಪಾತ್ರೆ ತೊಳೆದ ನೀರು ಹಾಕ್ತಾಳೆ. ನನಗೇನೂ ಅನ್ನಲ್ಲ.