ಜುಗ್ಗತನದ ಬಿಲ್ಲು ಯಾರ ಹೆಸರಿಗೆ?

'ಎಂಜಲ ಕೈಯಲ್ಲಿ ಕಾಗೆ ಓಡಿಸದವರು' ಅಂತ ಒಂದು ಮಾತಿದೆಯಲ್ಲ, ಅಂಥವರು ಪ್ರತಿ ಮನೆಯಲ್ಲೂ ಒಬ್ಬರಾದ್ರೂ ಇರ್ತಾರೆ. ನಮ್ಮ ಬಳಗದಲ್ಲಿ ಸ್ಟಾಕು ಸ್ವಲ್ಪ ಜಾಸ್ತೀನೇ ಇದೆ :-)

ಮೊದಲ ಸ್ಥಾನ ಹರಿಹರದ ನಮ್ಮ ಮಾವನಿಗೆ. ಹರಿಹರೇಶ್ವರನ ಗುಡಿ ಅಂದ್ರೆ ಅವರಿಗೆ ಪ್ರಾಣ. 1224ರ ಸುಮಾರಿನ ಹೊಯ್ಸಳರ ಗುಡಿ, ಅರ್ಧ ಹರಿ, ಅರ್ಧ ಹರ. ಮಾವನ ಭಕ್ತಿಗೆ ಕಾರಣ ಮಾತ್ರ ಬೇರೆ: "ಒಂದೇ ಕಾಯಿ ಒಡದ್ರೆ ಇಬ್ರು ದೇವ್ರಿಗೂ ಮುಟ್ತೈತಿ ನೋಡಲೇ!"

ಮಿಸ್ಡ್ ಕಾಲ್ ಕಾಲದಲ್ಲಿ ಅವರದ್ದೇ ಒಂದು ಕೋಡ್ ಇತ್ತು. ಒಂದು ರಿಂಗ್ ಆದ್ರೆ ದಾವಣಗೆರೆಯಲ್ಲಿ ಬಸ್ ಹತ್ತಿದೆ ಅಂತ, ಎರಡಾದ್ರೆ ಹರಿಹರದಲ್ಲಿ ಇಳಿದೆ ಅಂತ. ಒಂದು ಸಲ ನನ್ನ ತಮ್ಮ ಗೊತ್ತಿಲ್ಲದೆ ಮೊದಲ ರಿಂಗಿಗೇ ಫೋನ್ ಎತ್ತಿಬಿಟ್ಟ. "ಯಾಕಲೇ ಎತ್ತಿದಿ? ನನ್ ದುಡ್ಡು ಹೋತಲ್ಲ!" ಅಂತ ಬೈದರು. ಅದೇ ಕಾಲಿನಲ್ಲಿ, ಐದು ನಿಮಿಷ!

ಎರಡನೇ ಸ್ಥಾನ ದಾವಣಗೆರೆಯ ನನ್ನ ಗೆಳೆಯನಿಗೆ. ಒಂದು ಬೆಣ್ಣೆ ದೋಸೆಗೆ ನಾಲ್ಕು ಸಲ ಚಟ್ನಿ ಹಾಕಿಸ್ಕೊಂಡು, ಕೊನೆಗೆ ಚಟ್ನಿ ಉಳಿದಿದೆ ಅಂತ ನನ್ನ ದೋಸೆಗೆ ಕೈ ಹಾಕ್ತಾನೆ. ಮಂಡಕ್ಕಿ-ಮಿರ್ಚಿ ತಿಂದ ಮೇಲೆ ಮೊದಲೆಲ್ಲ "ಪರ್ಸ್ ಮರೆತೆ" ಅಂತಿದ್ದ, ಈಗ "ಸರ್ವರ್ ಡೌನ್" ಅಂತಾನೆ. ಟೆಕ್ನಾಲಜಿ ಬದಲಾಯ್ತು, ಬಿಲ್ಲು ಕೊಡೋನು ಮಾತ್ರ ನಾನೇ.

ನಗೋಣ, ತಪ್ಪಿಲ್ಲ. ಆದ್ರೆ ಈ ಕಥೆಗಳನ್ನ ಹೇಳ್ತಾ ಹೇಳ್ತಾ ನನಗೊಂದು ಅನುಮಾನ ಶುರುವಾಗಿದೆ. ಎಲ್ಲ ಜುಗ್ಗತನವೂ ಒಂದೇನಾ?

ನಮ್ಮ ಊರುಗಳಲ್ಲಿ ಕೈ ಬಿಗಿ ಹಿಡಿಯೋದಕ್ಕೆ ಕಾರಣ ಇತ್ತು ಕಣ್ರೀ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ದಾವಣಗೆರೆಯ ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. 1941ರಲ್ಲಿ ಹರಿಹರದಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ 2000ದ ದಶಕದ ಆರಂಭದಲ್ಲಿ ನಿಂತುಹೋಯ್ತು. ಸೈರನ್ ನಿಂತ ಊರಲ್ಲಿ ಜನ ಕಾಸು ಎಣಿಸೋದು ಕಲಿತರು. ಮಾವನೂ ಒಂದು ಮಿಲ್ಲಿನಲ್ಲಿದ್ದವರೇ. ಹರಿದ ಚಪ್ಪಲಿಗೆ ಏಳು ಸಲ ಹೊಲಿಗೆ ಹಾಕಿಸಿ ಹಾಕ್ಕೋತಾರೆ. ಅದಕ್ಕೆ ನಾನು ಜುಗ್ಗತನ ಅನ್ನಲ್ಲ. ಕಾಲು ಅವರದ್ದು, ಚಪ್ಪಲಿ ಅವರದ್ದು.

ಆದ್ರೆ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಆಯ್ತು. ಮಾವ ಅವತ್ತಿಂದ ತರಕಾರಿಗೂ ಅತ್ತೆಯನ್ನ ದಾವಣಗೆರೆಗೆ ಕಳಿಸ್ತಾರೆ. ಹರಿಹರಕ್ಕಿಂತ ಕೆಜಿಗೆ ಎರಡು ರೂಪಾಯಿ ಕಡಿಮೆಯಂತೆ! ಪ್ರೈವೇಟ್ ಬಸ್ ಮೂರು ಹೋದ್ರೂ ಹತ್ತೋ ಹಾಗಿಲ್ಲ. ಸರ್ಕಾರಿ ಬಸ್ ಬರೋತನಕ ಬಿಸಿಲಲ್ಲಿ, ಎರಡು ಚೀಲ ಹಿಡ್ಕೊಂಡು, ಮೊಣಕಾಲು ನೋವಲ್ಲಿ ನಿಲ್ಲಬೇಕು. ಇದನ್ನ ಕೇಳಿ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ. ಅತ್ತೆ ನಗಲಿಲ್ಲ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಅತ್ತೆಯ ಸಾಸಿವೆ ಡಬ್ಬಿಯಿಂದ ಐನೂರರ ಆರು ನೋಟು ಹೊರಗೆ ಬಂದವು. "ಮನ್ಯಾಗೇ ಕಳ್ರು ಅದಾರ" ಅಂದ್ರು ಮಾವ. ಅತ್ತೆ ಕನ್ನಡಕಕ್ಕೆ ಅಂತ ಕೂಡಿಟ್ಟಿದ್ದರಂತೆ. ಕೇಳಿದಾಗಲೆಲ್ಲ "ಅಕ್ಕಿಯಾಗಿನ ಕಲ್ಲು ಕಾಣ್ತೈತಲ್ಲ, ಸಾಕು ಬಿಡು" ಅನ್ನೋ ಉತ್ತರ ಸಿಗ್ತಿತ್ತು.

ಪುರಂದರದಾಸರ ಪೂರ್ವಾಶ್ರಮದ ಕಥೆ ನೆನಪಿಸ್ಕೊಳ್ಳಿ. ನವಕೋಟಿ ನಾರಾಯಣನಾಗಿದ್ದ ಶ್ರೀನಿವಾಸ ನಾಯಕ ಒಂದು ಕಾಸೂ ಬಿಚ್ಚಲಿಲ್ಲ. ಮೂಗುತಿ ತೆಗೆದುಕೊಟ್ಟದ್ದು ಹೆಂಡತಿ ಸರಸ್ವತಿ. ವಿಷದ ಬಟ್ಟಲು ಕೈಗೆತ್ತಿಕೊಳ್ಳಬೇಕಾಗಿ ಬಂದದ್ದೂ ಅವಳಿಗೇ. ಗಂಡನ ಜುಗ್ಗತನದ ಬಿಲ್ಲು ಆ ಕಥೆಯಲ್ಲೂ ಹೆಂಡತಿ ಹೆಸರಿಗೇ ಬಂದಿದೆ ನೋಡಿ.

ಹಾಗಾಗಿ ನನ್ನ ಲೆಕ್ಕ ಸರಳ. ತನ್ನ ಹೊಟ್ಟೆ ಬಟ್ಟೆ ಕಟ್ಟಿ ಉಳಿಸೋನು ಮಿತವ್ಯಯಿ. ಇನ್ನೊಬ್ಬರ ಮೊಣಕಾಲು, ಕಣ್ಣು ಸವೆಸಿ ಉಳಿಸೋನು ಜುಗ್ಗ. ಲಕ್ಷಗಟ್ಟಲೆ ಸುರಿದು ಮಗಳ ಮದುವೆ ಮಾಡಿ, ಸೊಪ್ಪಿನಾಕೆ ಹತ್ರ ಎರಡು ರೂಪಾಯಿಗೆ ಚೌಕಾಸಿ ಮಾಡೋ ಧಾರಾಳಿಗಳೂ ಈ ಎರಡನೇ ಪಟ್ಟಿಗೇ ಸೇರ್ತಾರೆ.

ನಿಮ್ಮ ಮನೆಯ ಜುಗ್ಗರ ಕಥೇನೂ ಬರೀರಿ, ನಗೋಣ. ಹಾಗೇ ಆ ಉಳಿತಾಯ ಯಾರ ಮೈಯಿಂದ ಬಂತು ಅಂತಾನೂ ಒಂದು ಸಾಲು ಸೇರಿಸಿ.