ಜಾತ್ರೆಯಲ್ಲಿ ಹಾರಿದ ಗುಂಡು ಎಲ್ಲಿ ಬಿತ್ತು?

ಊರ ದೇವಿಯ ಜಾತ್ರೆ ಎಂದರೆ ಗೋಕಾಕ ಸೀಮೆಯಲ್ಲಿ ಮನೆ ಮನೆಗೂ ಬೀಗರು, ಮೈತುಂಬ ಭಂಡಾರ, ಎದೆ ನಡುಗಿಸುವ ಡೊಳ್ಳು. ಮಾಳಿಗೆಗಳ ಅಂಚಿನಲ್ಲಿ ಹೆಂಗಸರು ಸಾಲಾಗಿ ನಿಂತಿರುತ್ತಾರೆ, ಮಕ್ಕಳು ಅಪ್ಪಂದಿರ ಹೆಗಲೇರಿರುತ್ತಾರೆ. 2025ರ ಗೋಕಾಕ ಲಕ್ಷ್ಮೀದೇವಿ ಜಾತ್ರೆಯ ಇಂಥದೇ ಜನಸಂದಣಿಯಲ್ಲಿ ಶಾಸಕ ರಮೇಶ ಜಾರಕಿಹೊಳಿ ಅವರ ಪುತ್ರ ಗಾಳಿಯಲ್ಲಿ ಗುಂಡು ಹಾರಿಸಿದರೆನ್ನಲಾದ ವಿಡಿಯೊ ಜುಲೈನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಪೊಲೀಸರು ಪ್ರಕರಣ ದಾಖಲಿಸಿದರು. ತಪ್ಪು ಯಾರದು, ಶಿಕ್ಷೆ ಎಷ್ಟು ಎನ್ನುವುದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಊರಿನವರು ಕೇಳಬೇಕಾದ ಪ್ರಶ್ನೆ ಬೇರೆ: ಮೇಲೆ ಹೋದ ಗುಂಡು ಕೆಳಗೆ ಬಿದ್ದದ್ದು ಎಲ್ಲಿ?

‘ಆಕಾಶಕ್ಕೆ ಹೊಡೆದರೆ ಯಾರಿಗೇನಾಗುತ್ತದೆ’ ಎಂಬ ಮಾತು ಸುಳ್ಳು. ನೆಟ್ಟಗೆ ಮೇಲೇರಿದ ಗುಂಡು ಕೂಡ ಹೊರಳುತ್ತ ಬೀಳುವಾಗ ಸೆಕೆಂಡಿಗೆ 60 ಮೀಟರಿನ ಆಸುಪಾಸಿನ ವೇಗ ಪಡೆಯಬಲ್ಲದು. ತಲೆಬುರುಡೆ ಒಡೆಯಲು ಅಷ್ಟು ಸಾಕಾಗಬಹುದು. ಆದರೆ ಜಾತ್ರೆಯ ಗದ್ದಲದಲ್ಲಿ, ಕುಣಿಯುವವರ ನಡುವೆ, ಯಾರ ಕೈಯೂ ನೆಟ್ಟಗೆ ನಿಲ್ಲುವುದಿಲ್ಲ. ಓರೆಯಾಗಿ ಹಾರಿದ ಗುಂಡು ತನ್ನ ವೇಗವನ್ನು ಪೂರ್ತಿ ಕಳೆದುಕೊಳ್ಳದೆ ಸಾಗುತ್ತದೆ. ಪಿಸ್ತೂಲಿನದಾದರೂ ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಹುದು. ಅಲ್ಲಿ ಅಂಗಳದಲ್ಲಿ ಮಲಗಿದವರಿಗೆ ಜಾತ್ರೆಯ ಪಟಾಕಿ ಸದ್ದು ಕೇಳಿಸಿರುತ್ತದೆಯೇ ಹೊರತು ಗುಂಡಿನ ಸುಳಿವಿರುವುದಿಲ್ಲ.

ಅಮೆರಿಕದ ಲಾಸ್ ಏಂಜಲೀಸ್‌ನ ಒಂದೇ ಆಸ್ಪತ್ರೆಗೆ 1985ರಿಂದ 1992ರವರೆಗೆ ಹೀಗೆ ಆಕಾಶದಿಂದ ಬಿದ್ದ ಗುಂಡು ತಗುಲಿದವರೆಂದು ದಾಖಲಾದವರು 118 ಮಂದಿ. ಅವರಲ್ಲಿ 38 ಮಂದಿ ಬದುಕಲಿಲ್ಲ. ಅಷ್ಟು ದೂರ ಹೋಗುವುದೂ ಬೇಡ. 2016ರ ಡಿಸೆಂಬರಿನಲ್ಲಿ ಪಂಜಾಬಿನ ಬಠಿಂಡಾ ಜಿಲ್ಲೆಯ ಮದುವೆಯೊಂದರಲ್ಲಿ ಸಂಭ್ರಮಕ್ಕೆಂದು ಹಾರಿಸಿದ ಗುಂಡಿಗೆ ವೇದಿಕೆಯ ಮೇಲಿದ್ದ ನರ್ತಕಿ ಬಲಿಯಾದಳು.

ಈ ಸೀಮೆಗೆ ಆಯುಧದ ಅಭಿಮಾನ ಹೊಸದಲ್ಲ. ಪಕ್ಕದ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರಿಗೆ ಆಯುಧ ಒಪ್ಪಿಸಲು ಒಪ್ಪದೆ ಬಂಡೆದ್ದು ಗಲ್ಲಿಗೇರಿದರು. ಗೀಗಿ, ಲಾವಣಿಗಳಲ್ಲಿ ಅವರ ಕಥೆ ಇಂದಿಗೂ ಉಳಿದಿದೆ. ಆದರೆ ಅವರ ಆಯುಧ ಹೊಟ್ಟೆಪಾಡಿಗೆ, ಮಾನಕ್ಕೆ ಇದ್ದದ್ದು. ದೇವಿಯ ಮುಂದೆ ನೆರೆದ ತನ್ನದೇ ಊರಿನ ಜನರ ತಲೆಯ ಮೇಲೆ ಗುಂಡು ಹಾರಿಸುವವನಿಗೆ ಆ ಹೆಸರು ಹೇಳಿಕೊಳ್ಳುವ ಹಕ್ಕಿಲ್ಲ.

ಹಬ್ಬದಲ್ಲಿ ಬಂದೂಕು ತಪ್ಪಲ್ಲ ಎನ್ನಲು ಕೊಡಗಿನ ಉದಾಹರಣೆಯನ್ನೂ ಕೆಲವರು ಕೊಡುತ್ತಾರೆ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಹಬ್ಬದ ಸ್ಪರ್ಧೆಯಲ್ಲಿ ಅವರು ಗುಂಡು ಹೊಡೆಯುವುದು ಕಟ್ಟಿದ ತೆಂಗಿನಕಾಯಿಗೆ. ಗುರಿ ಕಣ್ಣೆದುರಿಗೇ ಇರುತ್ತದೆ. ಅಂಥ ಕೊಡಗಿನಲ್ಲೂ ಬೇಟೆಗೆ ಹೋದವರ ಗುಂಡು ಜೊತೆಗಾರನಿಗೇ ತಗುಲಿದ್ದುಂಟು.

ಜಾತ್ರೆಯಲ್ಲಾದರೆ ವಿಡಿಯೊ ಇರುತ್ತದೆ. ಮನೆಯೊಳಗಿನ ಅಜಾಗ್ರತೆ ಹೆಣ ಬಿದ್ದ ಮೇಲಷ್ಟೇ ಹೊರಬರುತ್ತದೆ. 2025ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಗೋಡೆಗೆ ನೇತುಹಾಕಿದ್ದ ಬಂದೂಕನ್ನು ಹದಿಹರೆಯದ ಹುಡುಗ ಆಟಕ್ಕೆಂದು ಕೈಗೆತ್ತಿಕೊಂಡ. ಗುಂಡು ಹಾರಿತು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಕುಟುಂಬದ ನಾಲ್ಕು ವರ್ಷದ ಮಗು ಸತ್ತಿತು, ತಾಯಿಯ ಕಾಲಿಗೂ ಗಾಯವಾಯಿತು. ಆ ಹುಡುಗನನ್ನು ದೂರಿ ಫಲವಿಲ್ಲ. ತುಂಬಿದ ಬಂದೂಕನ್ನು ಮಕ್ಕಳ ಕೈಗೆಟಕುವಲ್ಲಿ ಬಿಟ್ಟವರು ದೊಡ್ಡವರು.

ಪಿಸ್ತೂಲು ಇಟ್ಟುಕೊಂಡ ಬಹಳ ಜನ ತಪ್ಪುವುದು ಒಂದು ಸಣ್ಣ ವಿಷಯದಲ್ಲಿ. ಮ್ಯಾಗಜಿನ್ ಹೊರತೆಗೆದ ಕೂಡಲೇ ಖಾಲಿಯಾಯಿತು ಎಂದುಕೊಳ್ಳುತ್ತಾರೆ. ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಮ್ಯಾಗಜಿನ್ ತೆಗೆದ ಮೇಲೆ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು, ಚೇಂಬರಿನೊಳಗೆ ಕಣ್ಣಿಟ್ಟು ನೋಡಿ, ಬೆರಳಿನಿಂದಲೂ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ಅಷ್ಟೂ ಹೊತ್ತು ನಳಿಗೆಯ ಬಾಯಿ ಯಾರೂ ಇಲ್ಲದ ಕಡೆಗಿರಬೇಕು, ಬೆರಳು ಟ್ರಿಗರಿನಿಂದ ದೂರವಿರಬೇಕು. ಬಂದೂಕು ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿರಬೇಕು. ರಿವಾಲ್ವರ್ ಇದ್ದವರೂ ಎಚ್ಚರ ತಪ್ಪಬಾರದು: 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬಯಿಯಲ್ಲಿ ನಟ ಗೋವಿಂದ ಅವರ ಕಾಲಿಗೆ ತಗುಲಿದ್ದು ಅವರದೇ ಲೈಸೆನ್ಸಿನ ರಿವಾಲ್ವರಿನ ಗುಂಡು.

ಕಾನೂನಿಗೆ ಕೊರತೆಯಿಲ್ಲ. 2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆಯು ಮದುವೆ, ಧಾರ್ಮಿಕ ಸ್ಥಳ, ಸಾರ್ವಜನಿಕ ಸಮಾರಂಭಗಳಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸುವುದನ್ನೇ ಪ್ರತ್ಯೇಕ ಅಪರಾಧವೆಂದು ಹೆಸರಿಸಿದೆ: ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಾರಿಗೂ ಗಾಯವಾಗಿರಲೇಬೇಕೆಂದಿಲ್ಲ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಬಂದೂಕು ಝಳಪಿಸುವುದೂ ನಿಷಿದ್ಧ, ಲೈಸೆನ್ಸೂ ರದ್ದಾಗಬಹುದು. ದೊಡ್ಡ ಮನೆತನದವರಿಗೆ ದಂಡದ ಹಣ ಲೆಕ್ಕಕ್ಕಿಲ್ಲ. ಲೈಸೆನ್ಸ್ ಹೋದರೆ ತಟ್ಟುತ್ತದೆ. ಆದ್ದರಿಂದ ಇಂಥ ಪ್ರಕರಣಗಳಲ್ಲಿ ಜಿಲ್ಲಾಡಳಿತ ಮೊದಲು ಕೈಹಾಕಬೇಕಾದದ್ದು ಅಲ್ಲಿಗೇ, ಮನೆತನದ ಹೆಸರು ನೋಡದೆ.

ಚುನಾವಣೆ ಬಂದರೆ ಬೆಳಗಾವಿ ಜಿಲ್ಲೆಯ ಲೈಸೆನ್ಸುದಾರರು ಬಂದೂಕು ತಂದು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾರೆ, ಮತ ಎಣಿಕೆ ಮುಗಿದ ಮೇಲೆ ವಾಪಸು ಒಯ್ಯುತ್ತಾರೆ. ಅದೇ ಏರ್ಪಾಡು ದೊಡ್ಡ ಜಾತ್ರೆಗಳಿಗೂ ಬೇಕು. ಗೋಕಾಕದ ಲಕ್ಷ್ಮೀದೇವಿ, ಮೂಡಲಗಿಯ ಶಿವಬೋಧರಂಗ, ಅರಭಾವಿಯ ದುರದುಂಡೀಶ್ವರ, ಹಿಡಕಲ್ ಸುತ್ತಲಿನ ಹಳ್ಳಿಗಳ ಜಾತ್ರೆಗಳ ಪೂರ್ವಭಾವಿ ಸಭೆಯಲ್ಲಿ ಕುಡಿಯುವ ನೀರು, ವಿದ್ಯುತ್, ಬಸ್ಸು, ಪಾರ್ಕಿಂಗ್ ಚರ್ಚೆಯಾಗುತ್ತವೆ. ಅದೇ ಸಭೆಯಲ್ಲಿ, ಜಾತ್ರೆ ಮುಗಿಯುವವರೆಗೆ ಬಂದೂಕುಗಳು ಠಾಣೆಯಲ್ಲಿರಲಿ ಎಂದು ಟ್ರಸ್ಟಿನವರೂ ತಹಶೀಲ್ದಾರರೂ ನಿರ್ಣಯ ಮಾಡಬಹುದು. ಲೈಸೆನ್ಸುದಾರರ ಪಟ್ಟಿ ಹೇಗೂ ಠಾಣೆಯಲ್ಲೇ ಇರುತ್ತದೆ.